ಬೀಗರ ಹೊಲದ ಕರೆಂಟು

ಮನುಷ್ಯ ವಾಹನ ಕೊಳ್ಳುವುದಕ್ಕೆ ಅನೇಕ ಕಾರಣಗಳಿರುತ್ತವೆ. ಕೆಲವರು ಕೆಲಸಕ್ಕೆ ಹೋಗಲು ಕೊಳ್ಳುತ್ತಾರೆ, ಕೆಲವರು ಮಗ್ಗುಲ ಮನೆಯವರು ಕೊಂಡರೆಂದು ಕೊಳ್ಳುತ್ತಾರೆ, ಕೆಲವರು ಊರೂರು ಸುತ್ತಿ ದೇವರ ಸೃಷ್ಟಿಯನ್ನು ಕಣ್ತುಂಬ ನೋಡಬೇಕೆಂದು ಕೊಳ್ಳುತ್ತಾರೆ. ನಾನು ಬ್ಯಾಟರಿ ಸೈಕಲ್ಲು ಕೊಂಡದ್ದು ಸೇಡಿಗೆ. ಅಂಗಡಿಯವನು ಕೇಳಿದಾಗ ಮಾತ್ರ, "ಸುಮ್ಮನ ಊರೂರು ತಿರಗ್ಯಾಡಾಕ" ಎಂದಿದ್ದೆ. ಅದು ಸುಳ್ಳೇನಲ್ಲ. ತಿರುಗಾಡುವ ಊರುಗಳ ಪೈಕಿ ಒಂದರಲ್ಲಿ ನನ್ನ ಬೀಗರಿದ್ದರು, ಅಷ್ಟೇ.

ನನ್ನ ಮಗಳನ್ನು ಹಿರೇಕೆರೂರಿಗೆ ಕೊಟ್ಟಿದ್ದೇನೆ. ಅವಳ ಮಾವ ಗೋವಿನಜೋಳ, ಹತ್ತಿ, ಹೊಟ್ಟೆ ಮತ್ತು ಮೀಸೆ ಈ ನಾಲ್ಕನ್ನೂ ಭೇದವಿಲ್ಲದೆ ಬೆಳೆಸಿದ ಮನುಷ್ಯ. ಒಂದು ಟ್ರ್ಯಾಕ್ಟರಿದೆ. ಗುಡುಗುಡು ಎನ್ನುವ ಒಂದು ಮೋಟರ್‌ಸೈಕಲ್ಲಿದೆ. ಅದರ ಸದ್ದು ಕೇಳಿದರೆ ಓಣಿಯ ಎಮ್ಮೆಗಳು ತಾವಾಗಿಯೇ ದಾರಿ ಬಿಡುತ್ತವೆ. ನಾನು ಸವಣೂರಿನಲ್ಲಿ ಇತಿಹಾಸ ಕಲಿಸಿ ನಿವೃತ್ತನಾದ ಮಾಸ್ತರ. ದೋತರ, ಅಂಗಿ, ಟೊಪಿಗೆ, ಬಸ್ಸಿನ ಕಿಟಕಿಯ ಸೀಟು ಇಷ್ಟೇ ನನ್ನ ಸಂಪತ್ತು.

ನಮ್ಮ ಕಡೆ ಬೀಗರು ಬೀಗರನ್ನು ಚೇಷ್ಟೆ ಮಾಡುವುದು ಶಾಸ್ತ್ರ. ಮಾಡದಿದ್ದರೆ ಸಂಬಂಧ ಹಳಸಿತೇನೋ ಎಂದು ಜನ ಸಂಶಯಪಡುತ್ತಾರೆ. ಆದರೆ ಚೇಷ್ಟೆಗೂ ಒಂದು ಎಲ್ಲೆಯಿದೆ, ಆ ಎಲ್ಲೆ ಎಲ್ಲಿದೆಯೆಂದು ತೀರ್ಮಾನಿಸುವ ಅಧಿಕಾರ ಚೇಷ್ಟೆಗೆ ಒಳಗಾದವನದು. ಹಾಗೆಂದು ಯಾವ ಧರ್ಮಗ್ರಂಥದಲ್ಲಿಯೂ ಬರೆದಿಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಹಿಂದಿನ ವರ್ಷದ ಶೀಗಿ ಹುಣ್ಣಿಮೆಗೆ ಬೀಗರು ನಮ್ಮನ್ನು ಹೊಲಕ್ಕೆ ಕರೆದಿದ್ದರು. ಕಾಳು ಕಟ್ಟುವ ಪೈರನ್ನು ಬಸುರಿಯೆಂದು ಭಾವಿಸಿ, ಹೊಲಕ್ಕೆ ಉಡಿ ತುಂಬಿ, ಒಯ್ದ ಅಡುಗೆಯನ್ನು ಹೊಲದ ತುಂಬ ಚರಗ ಚೆಲ್ಲಿ, ಮಿಕ್ಕಿದ್ದನ್ನು ಅಲ್ಲಿಯೇ ಕುಳಿತು ಉಣ್ಣುವ ಹಬ್ಬ. ಹೊರಡುವ ಹೊತ್ತಿಗೆ ಗಂಡಸರೆಲ್ಲ ಮೋಟರ್‌ಸೈಕಲ್ಲು ಏರಿದರು. ಹಿಂದಿನ ಸೀಟುಗಳೂ ತುಂಬಿದವು. ಹೆಂಗಸರು, ಕೂಸುಗಳು, ಬುಟ್ಟಿಗಳು ಟ್ರ್ಯಾಲಿಯಲ್ಲಿ ಕುಳಿತಾಗಿತ್ತು. ಅಂಗಳದಲ್ಲಿ ಉಳಿದವರು ನಾನು ಮತ್ತು ಒಂದು ನಾಯಿ.

"ಮಾಸ್ತರ್ರ, ನೀವು ಟ್ರ್ಯಾಲಿ ಹತ್ತರಿ," ಎಂದರು ಬೀಗರು, ಮೋಟರ್‌ಸೈಕಲ್ಲಿನ ಮೇಲಿಂದಲೇ. "ಬುತ್ತಿ ಕಾಯಾಕ ಒಬ್ಬರು ಬೇಕ ಬೇಕು. ದಾರ್ಯಾಗ ನಾಯಿ ಬಾಯಿ ಹಾಕ್ಯಾವು."

ನಾನು ಹತ್ತಿದೆ. ಹತ್ತುವಾಗ ನನಗಿಂತ ಹಿರಿಯಳಾದ ಒಬ್ಬ ಮುದುಕಿ ಕೈಕೊಟ್ಟು ಮೇಲಕ್ಕೆಳೆದುಕೊಂಡಳು. ಕಡುಬಿನ ಬುಟ್ಟಿಯನ್ನು ತೊಡೆಯ ಮೇಲೆ ಇಟ್ಟರು. ನಾಲ್ಕು ಮಾರು ಹೋಗುವಷ್ಟರಲ್ಲಿ ಹೆಂಗಸರು, ಬುತ್ತಿ ಕಾಯೋ ಬೀಗ ಬಂದ, ಮೀಸಿಗೆ ತುಪ್ಪ ಹಚ್ಚಿಕೊಂಡ ಎಂದು ಅಲ್ಲಿಯೇ ಪದ ಕಟ್ಟಿ ಹಾಡಲು ತೊಡಗಿದರು. ನನಗೆ ಮೀಸೆಯೇ ಇಲ್ಲ. ಇತಿಹಾಸವನ್ನು ಹೀಗೆಯೇ ತಿರುಚುತ್ತಾರೆ.

ಹೊಲ ಮುಟ್ಟಿದ ಮೇಲೆ ಬೀಗರು ನೆರೆಹೊಲದವರ ಮುಂದೆ ನನ್ನ ಪರಿಚಯ ಮಾಡಿಸಿದರು. "ಇವರು ನಮ್ಮ ಸವಣೂರ ಬೀಗರು. ಎರಡ ಗಾಲಿ ಅಂದ್ರ ಅಂಜಿಕಿ, ನಾಕ ಗಾಲಿ ಅಂದ್ರ ಖರ್ಚು. ಅದಕ್ಕ ಆರ ಗಾಲಿ ಬಸ್ಸಿಗೇ ಹುಟ್ಯಾರ."

ಎಲ್ಲರೂ ನಕ್ಕರು. ನನ್ನ ಧರ್ಮಪತ್ನಿ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಅದು ಧೂಳಿಗಲ್ಲ.

ಮರಳಿ ಬಸ್ಸಿನಲ್ಲಿ ಬರುವಾಗ ಹಾವೇರಿ ದಾಟುವ ತನಕ ಟಿಕೀಟನ್ನು ಮಡಚುತ್ತ ಬಿಚ್ಚುತ್ತ ಕುಳಿತಿದ್ದೆ. ದಾಟಿದ ಮೇಲೆ ಪ್ರತಿಜ್ಞೆ ಮಾಡಿದೆ.

"ಬರೂ ಶೀಗಿ ಹುಣ್ಣಿಮಿಗೆ ನಾ ನನ್ನ ಗಾಡಿ ಮ್ಯಾಲೆ ಬರ್ತೇನಿ. ಟ್ರ್ಯಾಲಿ ಮುಂದ ಹೋಗ್ತೇನಿ. ಅವರ ಮನಿ ಒಂದ ಹನಿ ನೀರ ಕುಡಿಯಂಗಿಲ್ಲ, ಒಂದ ತುತ್ತ ತಿನ್ನಂಗಿಲ್ಲ. ಹೆಂಗ ಹೋಗಿರ್ತೇನಿ ಹಂಗ ತಿರುಗಿ ಬರ್ತೇನಿ. ಅವರ ಹಂಗು ನಂಗ ಬ್ಯಾಡ."

"ಹೊಲದಾಗ ಚರಗದ ಊಟ?" ಎಂದಳು ಹೆಂಡತಿ.

"ಅದು ಭೂಮ್ತಾಯಿ ಪ್ರಸಾದ. ಅವರದಲ್ಲ."

"ಬದನಿಕಾಯಿ ಎಣಗಾಯಿ?"

ಸ್ವಲ್ಪ ವಿಚಾರ ಮಾಡಿದೆ. "ಅದೂ ಭೂಮ್ತಾಯಿದ."

"ಹಂಗಾರ ಉಪವಾಸೇನ ಬೀಳಂಗಿಲ್ಲ ಬಿಡ್ರಿ," ಎಂದು ಅವಳು ಕಿಟಕಿಯ ಕಡೆ ತಿರುಗಿದಳು.

ಇಲ್ಲಿಂದ ಮುಂದೆ ಶಸ್ತ್ರದ ಆಯ್ಕೆ. ಕಾರನ್ನು ಮೊದಲೇ ಬಿಟ್ಟೆ. ಇನ್ನೊಬ್ಬ ಓಡಿಸಿದ ಕಾರಿನಲ್ಲಿ ಹೋದರೆ ಅದು ಡ್ರೈವರನ ಸೇಡಾಗುತ್ತದೆ. ಮೋಟರ್‌ಸೈಕಲ್ಲಿಗೆ ಲೈಸನ್ಸು ಬೇಕು. ಈ ವಯಸ್ಸಿನಲ್ಲಿ ಹೋಗಿ, ನಾನೇ ಕಲಿಸಿದ ವಿದ್ಯಾರ್ಥಿಯೊಬ್ಬ ಇನ್‌ಸ್ಪೆಕ್ಟರನಾಗಿ ಕುಳಿತಿರುವಾಗ ಅವನೆದುರು ಎಂಟರ ಆಕಾರದಲ್ಲಿ ಸುತ್ತಿ ತೋರಿಸುವುದು ಗುರುಪೀಠಕ್ಕೆ ಶೋಭೆಯಲ್ಲ. ಮನೆಯಲ್ಲಿದ್ದ ಹಳೆಯ ಸೈಕಲ್ಲಿನ ಮೇಲೆ ಹೋಗಬಹುದಿತ್ತು, ಮೊಣಕಾಲು ಒಪ್ಪಲಿಲ್ಲ. ತುಳಿದರೆ ತಾನೂ ಒಂದಿಷ್ಟು ನೂಕುವ, ಲೈಸನ್ಸು ಕೇಳದ, ಬಸ್ಸಿನ ಹಂಗೂ ಪೆಟ್ರೋಲಿನ ಹಂಗೂ ಇಲ್ಲದ ಬ್ಯಾಟರಿ ಸೈಕಲ್ಲೊಂದೇ ಉಳಿಯಿತು.

ಶಿಗ್ಗಾಂವಿಯಲ್ಲಿ ಮೊದಲು ಹೊಲಿಗೆ ಯಂತ್ರ ಮಾರುತ್ತಿದ್ದ ಒಬ್ಬ ಅಂಗಡಿಯವನು ಈಗ ಇವನ್ನು ತಂದಿಟ್ಟಿದ್ದ. ಒಂದು ಕಪ್ಪಗೆ, ಎಮ್ಮೆಯ ಕರುವಿನಂತೆ ದಪ್ಪ ಗಾಲಿಯದು. ಮಣ್ಣು, ಮರಳು, ಕೆಸರು ಎಲ್ಲ ಕಡೆಗೂ ಹೋಗುತ್ತದೆಂದ. ಎತ್ತಿ ನೋಡಿದೆ, ಏಳಲಿಲ್ಲ. ಬ್ಯಾಟರಿ ಮುಗಿದ ಮೇಲೆ ಅದನ್ನು ತುಳಿದುಕೊಂಡು ಬರಬೇಕಾದರೆ ಒಂದು ಜೋಡಿ ಎತ್ತು ಬೇಕು. ಇನ್ನೊಂದು ತೆಳ್ಳಗೆ, ಕೆಂಪಗೆ, ಮುಂದಕ್ಕೆ ಬಾಗಿ ಹೊಡೆಯುವಂಥದು. ಅದರ ಮೇಲೆ ಕುಳಿತರೆ ಹಿಂದೆ ಬರುವವರಿಗೆ ಮೊದಲು ಕಾಣುವುದು ಸವಾರನ ಮುಖವಲ್ಲ. ಬ್ಯಾಟರಿ ಕೊಳವೆಯೊಳಗೇ ಹುದುಗಿತ್ತು. ಹೊರಗೆ ಬರುವುದಿಲ್ಲ, ಸೈಕಲ್ಲನ್ನೇ ಗೋಡೆಯ ಪ್ಲಗ್ಗಿಗೆ ಒಯ್ದು ಕಟ್ಟಬೇಕು.

ಮೂರನೆಯದರ ನಡುವಿನ ಪೈಪು ಕೆಳಗೆ ಬಾಗಿತ್ತು. ಕಾಲೆತ್ತದೆ, ಹೊಸ್ತಿಲು ದಾಟಿದಂತೆ ಒಳಗಿಟ್ಟು ಕೂಡಬಹುದು. ಬೆನ್ನು ನೆಟ್ಟಗೆ ಇರುತ್ತದೆ. ಹಿಂದೆ ಗಟ್ಟಿ ಕ್ಯಾರಿಯರು, ಮುಂದೆ ಬುಟ್ಟಿ, ಗಾಲಿಗೆ ಮಡ್‌ಗಾರ್ಡು, ಬ್ಯಾಟರಿ ಬುತ್ತಿಡಬ್ಬಿಯಂತೆ ಕೈಯಲ್ಲಿ ಬರುವಂಥದು. ಎಲ್ಲವೂ ನನ್ನ ಮನಸ್ಸಿನಂತೆಯೇ ಇತ್ತು. ಒಂದೇ ತೊಡಕು.

"ಇದು ಹೆಣಮಕ್ಕಳ ಸೈಕಲ್ಲಲ್ಲೇನೋ?" ಎಂದೆ.

"ಹಂಗೇನ ಇಲ್ಲರಿ ಸರ. ಎಲ್ಲಾರೂ ಹೊಡಿತಾರ," ಎಂದ ಅಂಗಡಿಯವನು. ಗೋಡೆಯ ಮೇಲಿನ ಚಿತ್ರದಲ್ಲಿ ಒಬ್ಬ ಹುಡುಗಿ ಕೂದಲು ಹಾರಿಸಿಕೊಂಡು ಅದನ್ನೇ ಹೊಡೆಯುತ್ತಿದ್ದಳು.

ಹೆಂಡತಿ ಜೊತೆಗಿದ್ದಳು. "ದೋತರ ಉಟಗೊಂಡು ಆ ಕೆಂಪಂದು ಹತ್ತರಿ ನೋಡೋಣು," ಎಂದಳು. ನಾನು ಹತ್ತಲು ಹೋದೆ. ದೋತರದ ಚುಂಗು ಸೀಟಿಗೆ ಸಿಕ್ಕು, ಅಂಗಡಿಯ ನಡುವೆ ಒಂದು ಕಾಲ ಮೇಲೆ ಧ್ಯಾನಸ್ಥನಾಗಿ ನಿಂತೆ. ಅಂಗಡಿಯವನು ಹಿಡಿದು ಇಳಿಸಿದ.

"ಹೆಂಗಸರ ಸೈಕಲ್ ಮ್ಯಾಲೆ ಹೋದ್ರ ಬೀಗರು ಒಂದ ದಿನ ನಗತಾರ," ಎಂದಳು ಹೆಂಡತಿ. "ಗಂಡಸರ ಸೈಕಲ್ ಮ್ಯಾಲಿಂದ ಬಿದ್ದ ಹೋದ್ರ ಸಾಯೂತನಕ ನಗತಾರ. ನೋಡ್ರಿ, ಯಾವದು ಆಗತೈತಿ."

ಬಾಗಿದ ಪೈಪಿಗೆ ಜಯವಾಯಿತು.

ಉಳಿದದ್ದು ದೂರದ ಪ್ರಶ್ನೆ. "ಒಮ್ಮೆ ತುಂಬಿದ್ರ ಎಷ್ಟು ಹೋಗತೈತಿ?" ಎಂದೆ. ಕಂಪನಿಯವರು ಹೇಳಿದ ಅಂಕಿಯನ್ನು ಅವನು ಭಕ್ತಿಯಿಂದ ಹೇಳಿದ.

"ಕಂಪನಿಯವರು ಹೇಳಿದ್ದು ಬ್ಯಾಡ. ಹಾನಗಲ್ಲಾಗಿನ ನಮ್ಮ ಅಕ್ಕನ ಮನಿಯಿಂದ ಹಿರೇಕೆರೂರಿಗೆ ಹೋಗಿ, ಅಲ್ಲೆ ಪ್ಲಗ್ ಮುಟ್ಟದ, ಹೊಳ್ಳಿ ಹಾನಗಲ್ಲಿಗೆ ಬರಬೇಕು. ಬರತೈತೋ ಇಲ್ಲೋ?"

"ಹಿರೇಕೆರೂರಾಗೂ ಕರೆಂಟ್ ಇರತೈತ್ರಿ ಸರ."

"ಇರತೈತಿ. ಅದಕ್ಕ ಬ್ಯಾಡ."

ಅವನು ನನ್ನ ಹೆಂಡತಿಯ ಮುಖ ನೋಡಿದ. ಅವಳು ಮೇಲಿನ ಫ್ಯಾನು ನೋಡಿದಳು. ಕಡೆಗೆ ಅವನು, ಬರೀ ಹ್ಯಾಂಡಲಿನ ಹಿಡಿ ತಿರುವಿ ಕುಳಿತರೆ ಬರುವುದಿಲ್ಲ, ನೀವೂ ತುಳಿದರೆ ಬರುತ್ತದೆ, ಎದುರುಗಾಳಿಯಿದ್ದರೆ ದೇವರೇ ಗತಿ ಎಂದ. ಇಷ್ಟು ಸತ್ಯ ಹೇಳಿದ ವ್ಯಾಪಾರಿಯನ್ನು ಬಿಡಬಾರದೆಂದು ಅಲ್ಲಿಯೇ ಕೊಂಡೆ. ಆದರೆ ನಿಲ್ಲಿಸಲು ಒಂದೇ ಕಾಲಿನ ಸ್ಟ್ಯಾಂಡು ಇತ್ತು. ಅದನ್ನು ತೆಗೆಸಿ, ನಮ್ಮ ಕಾಲದ ಸೈಕಲ್ಲಿಗೆ ಇರುತ್ತಿದ್ದಂಥ, ಹಿಂದಿನ ಗಾಲಿಯನ್ನು ನೆಲದಿಂದ ಎತ್ತಿ ಹಿಡಿಯುವ ಡಬಲ್ ಸ್ಟ್ಯಾಂಡು ಹಾಕಿಸಿದೆ. ಒಂಟಿಕಾಲಿನ ಮೇಲೆ ನಿಲ್ಲುವುದು ಎಷ್ಟು ಕಷ್ಟವೆಂದು ನನಗಷ್ಟೇ ಗೊತ್ತಿತ್ತು.

ಅಂದಿನಿಂದ ಹಬ್ಬದವರೆಗೆ ತಾಲೀಮು. ಸವಣೂರಿನಿಂದ ಎಲೆಬಳ್ಳಿ ತೋಟಗಳ ಬದಿಯ ದಾರಿ ಹಿಡಿದು ಒಂದು ದಿನ, ಬಂಕಾಪುರದ ಕಡೆಗೆ ಒಂದು ದಿನ, ಶಿಗ್ಗಾಂವಿ ಮೇಲೆ ಹಾಯ್ದು ಗೊಟಗೋಡಿಗೆ ಒಂದು ದಿನ. ಅಲ್ಲಿಯ ಶಿಲ್ಪವನದಲ್ಲಿ ಸಿಮೆಂಟಿನ ರೈತರು ಸಿಮೆಂಟಿನ ಎತ್ತುಗಳೊಡನೆ ನಿಂತಿದ್ದಾರೆ. ಮೀಸೆಯಿದ್ದ ಪ್ರತಿಯೊಬ್ಬನಲ್ಲಿಯೂ ನನಗೆ ಬೀಗರೇ ಕಂಡರು. ತಡಸದ ಕಡೆ ಹೋದ ದಿನ ಎದುರುಗಾಳಿ ಸಿಕ್ಕು ಬ್ಯಾಟರಿ ಅರ್ಧ ದಾರಿಗೇ ಸೋತಿತು. ಗಾಳಿ ಏಳುವ ಮೊದಲು, ನಸುಕಿನಲ್ಲಿಯೇ ಹೊರಡಬೇಕೆಂಬ ಪಾಠ ಅಂದು ಕಲಿತೆ. ಜನ ಕೇಳುತ್ತಿದ್ದರು, "ಏನ್ರಿ ಸರ, ಈ ವಯಸ್ಸಿನ್ಯಾಗ ಸೈಕಲ್?" ಆರೋಗ್ಯಕ್ಕೆ ಎನ್ನುತ್ತಿದ್ದೆ. ಸೇಡು ಆರೋಗ್ಯಕ್ಕೆ ಬಲು ಒಳ್ಳೆಯದು. ಆ ವರ್ಷ ನನಗೆ ನೆಗಡಿ ಸಹ ಬರಲಿಲ್ಲ.

ಹಾನಗಲ್ಲಿನಲ್ಲಿ ನನ್ನ ಅಕ್ಕನ ಮನೆ. ದಂಡಯಾತ್ರೆಗೆ ಅದೇ ಶಿಬಿರ. ಹುಣ್ಣಿಮೆಯ ಹಿಂದಿನ ದಿನ ಸವಣೂರು ಬಿಟ್ಟು, ಬಂಕಾಪುರದ ಮೇಲೆ ಹಾಯ್ದು ಅಕ್ಕನಲ್ಲಿಗೆ ಬಂದೆ. ಅಕ್ಕ ಬ್ಯಾಟರಿಯನ್ನು ದೇವರ ಕೋಣೆಯ ಪ್ಲಗ್ಗಿಗೆ ಹಾಕಿಸಿದಳು. ಮನೆಯಲ್ಲಿ ಅದೊಂದೇ ಪ್ಲಗ್ಗು ಸಡಿಲಾಗಿರಲಿಲ್ಲ. ಹೆಂಡತಿ ಮೊದಲೇ ಬಸ್ಸಿನಲ್ಲಿ ಹಿರೇಕೆರೂರು ಸೇರಿದ್ದಳು. ಅದು ನನ್ನ ಯುದ್ಧನೀತಿಯಲ್ಲಿ ಆದ ದೊಡ್ಡ ಲೋಪ. ಶತ್ರುವಿನ ಕೋಟೆಯೊಳಗೆ ನನ್ನ ಸಕಲ ರಹಸ್ಯ ಬಲ್ಲವಳನ್ನು ಮುಂಚಿತವಾಗಿ, ಸವಣೂರಿನ ಖಾರ ಮತ್ತು ಎಲೆ ಕಟ್ಟಿಕೊಟ್ಟು, ನಾನೇ ಕಳಿಸಿಕೊಟ್ಟಿದ್ದೆ.

ಹಬ್ಬದ ದಿನ ನಸುಕಿನಲ್ಲಿ, ರೂಢಿಯಂತೆ ಚಾರ್ಜರನ್ನು ಮುಂದಿನ ಬುಟ್ಟಿಗೆ ಹಾಕಿಕೊಂಡು ಬಿಟ್ಟೆ. ಅಕ್ಕಿಆಲೂರು ದಾಟುವಾಗ ಚಹದಂಗಡಿಗಳು ಆಗ ತಾನೇ ಬಾಗಿಲು ತೆರೆಯುತ್ತಿದ್ದವು. ರಸ್ತೆಯ ಒಂದು ಮಗ್ಗುಲಿಗೆ ಗೋವಿನಜೋಳ ಒಣಹಾಕಿದ್ದರು, ಅದರ ಮೇಲೆ ಇನ್ನೂ ಇಬ್ಬನಿ. ಗಾಳಿ ಮಲಗಿತ್ತು. ನಾನು ತುಳಿದೆ, ಅದು ನೂಕಿತು, ಇಬ್ಬರಲ್ಲಿ ಒಬ್ಬರೂ ಮತ್ತೊಬ್ಬರಿಗೆ ಉಪಕಾರ ಹೊರಿಸಲಿಲ್ಲ. ಹಿರೇಕೆರೂರಿನ ಓಣಿಯೊಳಗೆ ಗಂಟೆ ಬಾರಿಸುತ್ತ ಹೊಕ್ಕಾಗ ಬ್ಯಾಟರಿಯ ಗೀಟುಗಳು ಅರ್ಧಕ್ಕಿಂತ ತುಸು ಮೇಲೇ ಇದ್ದವು. ಮರಳಿ ಹೋಗಲು ಧಾರಾಳ.

ಬೀಗರು ಕಟ್ಟೆಯ ಮೇಲೆ ಕುಳಿತಿದ್ದರು. ನನ್ನನ್ನು ನೋಡಿದರು, ಸೈಕಲ್ಲನ್ನು ನೋಡಿದರು, ಆಮೇಲೆ ಬಾಗಿದ ಪೈಪನ್ನು ಬಹಳ ಹೊತ್ತು ನೋಡಿದರು.

"ಇದೇನ್ರಿ ಮಾಸ್ತರ್ರ, ನಮ್ಮ ಬೀಗ್ತಿಯವರ ಸೈಕಲ್ ಹತಗೊಂಡ ಬಂದೀರಿ?"

"ದೋತರದ ಮರ್ಯಾದಿ ದೊಡ್ಡದೋ, ಪೈಪಿನ ಮರ್ಯಾದಿ ದೊಡ್ಡದೋ, ನೀವ ಹೇಳ್ರಿ," ಎಂದೆ. ಈ ಉತ್ತರವನ್ನು ಸವಣೂರಿನಲ್ಲಿಯೇ ಸಿದ್ಧಪಡಿಸಿ ತಂದಿದ್ದೆ.

ಬೀಗಿತಿ ನೀರು ತಂದರು. ಕಾಲಿಗೆ ಹಾಕಿಕೊಂಡೆ, ಕಾಲು ತೊಳೆದ ನೀರು ಹೊಟ್ಟೆಗೆ ಹೋಗುವುದಿಲ್ಲ. ಕುಡಿಯುವ ತಂಬಿಗೆಯನ್ನು ಮಾತ್ರ ನಮಸ್ಕರಿಸಿ ಹಿಂದಕ್ಕೆ ಕೊಟ್ಟು, ನನ್ನ ಬಾಟಲಿಯಿಂದ ಕುಡಿದೆ. ಬೀಗಿತಿ ನನ್ನ ಹೆಂಡತಿಯ ಕಡೆ ನೋಡಿ ಕಣ್ಣಲ್ಲೇ ನಕ್ಕದ್ದನ್ನು ಆಗ ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಗೆಲ್ಲುತ್ತಿರುವವನು ಸಣ್ಣ ಸಂಗತಿಗಳನ್ನು ಗಮನಿಸುವುದಿಲ್ಲ. ಹಾಗೆಯೇ ರಾಜ್ಯಗಳು ಮುಳುಗಿದವೆಂದು ನಾನೇ ಮಕ್ಕಳಿಗೆ ಕಲಿಸಿದ್ದೆ.

ಹೊಲದ ದಾರಿ ಒಂದು ಬಂಡಿಯಷ್ಟೇ ಅಗಲದ ಜಾಡು. ಎರಡೂ ಕಡೆ ಬೇಲಿ. ಯಾರಿಗೂ ಕಾಯದೆ ಮೊದಲು ನಾನು ಅದರೊಳಗೆ ಹೊಕ್ಕೆ. ನನ್ನ ಹಿಂದೆ ಟ್ರ್ಯಾಕ್ಟರು, ಅದರ ಹಿಂದೆ ಟ್ರ್ಯಾಲಿ, ಅದರ ಹಿಂದೆ ಊರಿನ ಎಲ್ಲ ಮೋಟರ್‌ಸೈಕಲ್ಲುಗಳು, ಅವುಗಳ ನಡುವೆ ಗುಡುಗುಡು. ಮುಂದೆ ಹೋಗಲು ಯಾರಿಗೂ ಜಾಗವಿಲ್ಲ. ನಾನು ಅವಸರ ಮಾಡಲಿಲ್ಲ. ಹಿಂದಿನಿಂದ ಬೀಗರ ಧ್ವನಿ ಬಂತು, "ಮಾಸ್ತರ್ರ, ಸ್ವಲ್ಪ ಜೋರಾಗಿ ತುಳೀರಿ, ದೇವರ ಎಡಿ ಆರತೈತಿ." ನಾನು ನಿಂತು, ಇಳಿದು, ಟೊಪಿಗೆ ಸರಿಪಡಿಸಿಕೊಂಡು, ಮತ್ತೆ ಹತ್ತಿದೆ. ಆ ಕಾಲು ಗಂಟೆಯ ಪಯಣಕ್ಕಾಗಿ ನಾನು ಒಂದು ವರ್ಷ ಬದುಕಿದ್ದೆ.

ಪೂಜೆಯಾಯಿತು. ಹುಲಿಗ್ಯೋ ಎಂದು ಕೂಗುತ್ತ ಚರಗ ಚೆಲ್ಲಿದರು. ಭೂಮ್ತಾಯಿಯ ಪ್ರಸಾದವೆಂದು ಕಡುಬು, ಶೇಂಗಾ ಹೋಳಿಗೆ, ಸಜ್ಜಿ ರೊಟ್ಟಿ ಮತ್ತು ಎಣಗಾಯಿಯನ್ನು ಎರಡೆರಡು ಸಲ ಸ್ವೀಕರಿಸಿದೆ. ಬೇವಿನ ನೆರಳಲ್ಲಿ ಕಣ್ಣು ಹತ್ತಿತು. ಎದ್ದು, ಹೊರಡೋಣವೆಂದು ಸೈಕಲ್ಲಿನ ಬಳಿ ಹೋಗಿ ಕೀಲಿ ತಿರುವಿದೆ. ಗೀಟುಗಳು ಅರ್ಧಕ್ಕೆ ಇರಲಿಲ್ಲ. ತುದಿಯವರೆಗೂ ತುಂಬಿದ್ದವು.

ಹಿಂದೆ ನೋಡಿದೆ. ಕೊಳವೆಬಾವಿಯ ಪಂಪಿನ ಮನೆಯ ಬಾಗಿಲಲ್ಲಿ ಬೀಗರು ನನ್ನ ಚಾರ್ಜರಿನ ವೈರನ್ನು ಹಗ್ಗದಂತೆ ಸುತ್ತುತ್ತ ನಿಂತಿದ್ದರು.

"ಬೀಗರ ಎತ್ತು ಹಸದ ನಿಂತಿತ್ತು," ಎಂದರು ಎಲ್ಲರಿಗೂ ಕೇಳುವಂತೆ. "ನಮ್ಮ ಹಿರ್‍ಯಾರ ಕಾಲದಿಂದ ಒಂದ ಪದ್ಧತಿ ಐತಿ. ಬೀಗರು ಬಂದ್ರ ಮೊದಲ ಅವರ ಎತ್ತಿಗೆ ಮೇವು, ಆಮ್ಯಾಲೆ ಅವರಿಗೆ ಊಟ. ಈ ಸಲ ಸ್ವಲ್ಪ ಹಿಂದ ಮುಂದ ಆತು. ತಪ್ಪ ತಿಳಕೋಬ್ಯಾಡ್ರಿ."

ಹೊಲವೆಲ್ಲ ನಕ್ಕಿತು. ಯಾರೂ ಏನೆಂದು ಕೇಳಲಿಲ್ಲ. ಆಗ ನನಗೆ ಹೊಳೆಯಿತು, ನನ್ನ ಪ್ರತಿಜ್ಞೆ ಅಕ್ಷರಕ್ಕಕ್ಷರ ಎಲ್ಲರಿಗೂ ಗೊತ್ತಿತ್ತು. ಹೆಂಡತಿಯನ್ನು ನೋಡಿದೆ. ಅವಳು ಬುಟ್ಟಿ ಕಟ್ಟುವುದರಲ್ಲಿ ಮಗ್ನಳಾಗಿದ್ದಳು. ಒಂದು ವರ್ಷದ ತಪಸ್ಸು ಒಂದು ಪ್ಲಗ್ಗಿನ ತೂತಿನಲ್ಲಿ ಹರಿದುಹೋಗಿತ್ತು. ಬ್ಯಾಟರಿಯೊಳಗೆ ನನ್ನ ಅರ್ಧ ಯಾವುದು, ಅವರ ಅರ್ಧ ಯಾವುದು ಎಂದು ಇನ್ನು ಬೇರ್ಪಡಿಸುವಂತಿರಲಿಲ್ಲ.

ಅವಳೇ ಹತ್ತಿರ ಬಂದು ಸಣ್ಣ ದನಿಯಲ್ಲಿ ಒಂದು ಕಾನೂನಿನ ದಾರಿ ತೋರಿಸಿದಳು. "ಅದು ಪಂಪ್‌ಸೆಟ್ಟಿನ ಕರೆಂಟ್ರಿ. ಸರಕಾರ ಪುಗಸಟ್ಟೆ ಕೊಡೂದು. ಅವರ ಹಂಗ ಹೆಂಗಾಗತೈತಿ?"

ಬೀಗರ ಕಿವಿ ಚುರುಕು. "ಕರೆಂಟ್ ಸರಕಾರದ್ದ ಇರಬೌದ್ರಿ ಬೀಗ್ತಿ. ಪ್ಲಗ್ ನಂದು."

ನಾನು ಮೋಟರಿನ ಗುಂಡಿಯನ್ನು ಎಲ್ಲರೂ ನೋಡುವಂತೆ ಆರಿಸಿದೆ. ಕೀಲಿ ತೆಗೆದು ಜೇಬಿಗೆ ಹಾಕಿದೆ. ಪೆಡಲು ತುಳಿದು ಹೊರಟೆ.

"ಆ ಕಬ್ಬಿಣ ಬರೇ ಕಾಲಿನ ಮ್ಯಾಲೆ ಹಾನಗಲ್ ತನಕ?" ಎಂದರು ಬೀಗರು. ಮೊದಲ ಸಲ ಅವರ ಧ್ವನಿಯಲ್ಲಿ ನಗೆಯಿರಲಿಲ್ಲ.

"ನಾ ಹೆಂಗ ಬಂದಿದ್ನೋ ಹಂಗ ಹೋಗ್ತೇನಿ. ನಿಮ್ಮ ಕರೆಂಟ್ ಹಂಗ ಇರ್ಲಿ. ಮುಟ್ಟಂಗಿಲ್ಲ."

ಜಾಡು ದಾಟಿ ದೊಡ್ಡ ರಸ್ತೆಗೆ ಬರುವಷ್ಟರಲ್ಲಿ ಹಿಂದಿನಿಂದ ಗುಡುಗುಡು ಕೇಳಿಸಿತು. ಹೊಲದಲ್ಲಿ ನಡೆದದ್ದನ್ನು ಹೆಂಡತಿ ಆಮೇಲೆ ಹೇಳಿದಳು. ಮಗಳು, "ಅಪ್ಪಗ ಮೊಣಕಾಲ ನೋವೈತ್ರಿ ಮಾವಾರ" ಎಂದು ಕಣ್ಣೀರು ತಂದಳಂತೆ. ಬೀಗಿತಿ ಗಂಡನ ಕೈಗೆ ಮೋಟರ್‌ಸೈಕಲ್ಲಿನ ಕೀಲಿ ಕೊಟ್ಟು, "ಚಾಷ್ಟಿ ಮಾಡಾಕ ಬರತೈತಿ ನಿಮಗ. ಆ ಹಿರೇ ಮನಶ್ಯಾ ದಾರ್ಯಾಗ ಬಿದ್ರ ಸೊಸಿಗೆ ಏನ್ ಹೇಳ್ತೀರಿ? ಹಿಂದ ಹೋಗ್ರಿ. ಅವರು ಮನಿ ಮುಟ್ಟೂತನಕ ಮುಂದ ಹೋಗಬ್ಯಾಡ್ರಿ" ಎಂದರಂತೆ.

ಹೀಗೆ ಹಿರೇಕೆರೂರಿನ ಸಾಹುಕಾರರು ನನ್ನ ಹಿಂದೆ ಬಂದರು. ನಾನು ಮುಂದೆ, ನಡಿಗೆಗಿಂತ ತುಸು ಜೋರು. ಅವರು ಹಿಂದೆ, ಎರಡೂ ಕಾಲು ನೆಲಕ್ಕೆ ಆನಿಸುತ್ತ, ಮೊದಲನೆಯ ಗೇರಿನಲ್ಲಿ. ಆ ಮೋಟರ್‌ಸೈಕಲ್ಲನ್ನು ಓಡುವುದಕ್ಕೆ ಮಾಡಿದ್ದಾರೆ, ತೆವಳುವುದಕ್ಕಲ್ಲ. ಅದು ಗೊಗ್ಗರು ದನಿಯಲ್ಲಿ ಕೆಮ್ಮಿತು, ಕಾದಿತು, ಹಂಸಭಾವಿಯ ಹತ್ತಿರ ಒಮ್ಮೆ ನಿಂತೇಬಿಟ್ಟಿತು. ನಾನು ಕಾಯಲಿಲ್ಲ. ಒದ್ದು ಒದ್ದು ಚಾಲೂ ಮಾಡಿ ಮತ್ತೆ ಬಂದರು.

ಹಂಸಭಾವಿಯ ಕಟ್ಟೆಯ ಮೇಲೆ ಅವರ ಪರಿಚಯದವರಿದ್ದರು. "ಏನ್ರಿ ಸಾಹುಕಾರ್ರ, ಮೋಟರ್‌ಸೈಕಲ್ ಕೆಟ್ಟತೇನ್ರಿ? ಮಾಸ್ತರ್ರು ಹಗ್ಗಾ ಹಚ್ಚಿ ಎಳ್ಯಾಕತ್ತಾರೇನ್ರಿ?"

ಬೀಗರು ಬಾಯಿ ತೆರೆಯುವ ಮೊದಲೇ ಅವರ ಪರವಾಗಿ ನಾನು ಉತ್ತರಿಸಿದೆ: "ಏನಿಲ್ಲರಿ, ನನ್ನ ಕಾಯಾಕ ಬಂದಾರ."

ಏರು ಬಂದಾಗ ತೊಡೆ ಉರಿಯಿತು. ಮೊಣಕಾಲಿನಲ್ಲಿ ಯಾರೋ ಮೊಳೆ ಬಡಿಯುತ್ತಿದ್ದರು. ಕೀಲಿ ಹಾಕಿ ಒಂದು ಗುಂಡಿ ಒತ್ತಿದ್ದರೆ ಸಾಕಿತ್ತು; ಕೀಲಿ ಜೇಬಿನಲ್ಲಿತ್ತು, ಗುಂಡಿ ನನ್ನ ಹೆಬ್ಬೆರಳಿನ ಪಕ್ಕದಲ್ಲಿಯೇ ಇತ್ತು. ಆ ಭಾರದ ಬ್ಯಾಟರಿ, ತುಂಬಿದ ಹೊಟ್ಟೆಯವನಂತೆ, ನನ್ನ ಬೆನ್ನ ಹಿಂದೆ ಸುಮ್ಮನೆ ಸವಾರಿ ಮಾಡುತ್ತಿತ್ತು. ಬೀಗರು ಪಕ್ಕಕ್ಕೆ ಬಂದರು.

"ಗುಂಡಿ ಒತ್ತರಿ ಮಾಸ್ತರ್ರ. ಯಾರೂ ನೋಡಾಕತ್ತಿಲ್ಲ."

"ನೀವು ನೋಡಾಕತ್ತೀರಿ."

"ನಾ ಕಣ್ಣ ಮುಚ್ಚಿಕೋತೇನಿ."

"ಗಾಡಿ ಹೊಡಿಯೂಮುಂದ ಕಣ್ಣ ಮುಚ್ಚಬಾರದ್ರಿ. ನಿಮಗ ಲೈಸನ್ಸ್ ಹೆಂಗ ಕೊಟ್ರು?"

ಅವರು ಮತ್ತೆ ಹಿಂದಕ್ಕೆ ಸರಿದರು. ಮುಂದಿನ ಏರಿನಲ್ಲಿ ನಾನು ಇಳಿದು ನೂಕಿದೆ. ನೂಕುವುದಕ್ಕೆ ಪ್ರತಿಜ್ಞೆಯಲ್ಲಿ ಅಡ್ಡಿಯಿರಲಿಲ್ಲ. ಅಕ್ಕಿಆಲೂರಿನಲ್ಲಿ ಚಹಕ್ಕೆ ನಿಂತೆ. ನನ್ನ ಚಹ ನಾನು ಕೊಂಡೆ, ಬಸಿಗೆ ಸುರಿದು ಊದಿ ಊದಿ ಕುಡಿದೆ, ಆಮೇಲೆ ಅಂಗಡಿಯವನೊಡನೆ ಈ ವರ್ಷದ ಮಳೆಯನ್ನು ಕುರಿತು ಮಾತಿಗಿಳಿದೆ. ಬೀಗರು ಮೋಟರ್‌ಸೈಕಲ್ಲಿನ ಮೇಲೆ ಕುಳಿತು ಗಡಿಯಾರ ನೋಡುತ್ತಿದ್ದರು. ಮಳೆಯ ವಿಷಯ ಮುಗಿದ ಮೇಲೆ ಹತ್ತಿಯ ವಿಷಯ ತೆಗೆದೆ.

ಹುಣ್ಣಿಮೆಯ ಚಂದ್ರ ನೆತ್ತಿಯ ಕಡೆ ಏರುವ ಹೊತ್ತಿಗೆ ಹಾನಗಲ್ಲು ಮುಟ್ಟಿದೆವು. ಅಕ್ಕನ ಅಂಗಳದಲ್ಲಿ ಇಳಿದಾಗ ನನ್ನ ಕಾಲುಗಳು ನನ್ನವಾಗಿ ಉಳಿದಿರಲಿಲ್ಲ. ಆದರೆ ಕೀಲಿ ತಿರುವಿ ನೋಡಿದೆ. ಗೀಟುಗಳು ಒಂದೂ ಕಡಿಮೆಯಾಗದೆ ತುದಿಯವರೆಗೆ ನಿಂತಿದ್ದವು. ಬೀಗರಿಗೂ ತೋರಿಸಿದೆ. ಅವರು ತಲೆಯಾಡಿಸಿದರು.

"ಆತಲ್ರಿ. ನಾ ಬರ್ತೇನಿ," ಎಂದು ಮೋಟರ್‌ಸೈಕಲ್ಲು ತಿರುಗಿಸಹೋದರು.

"ಹಬ್ಬದ ದಿನ ಬೀಗರು ಬಾಗಲಕ್ಕ ಬಂದು ಹಂಗ ಹೋಗೂದ?" ಎನ್ನುತ್ತ ಅಕ್ಕ ಹೊರಗೆ ಬಂದಳು. ಎಂಬತ್ತರ ಹತ್ತಿರದ ಅಕ್ಕನ ಮಾತನ್ನು ಮೀರಿ ಹೋದ ಬೀಗ ಇನ್ನೂ ಹುಟ್ಟಿಲ್ಲ. ಕಾಲಿಗೆ ನೀರು ಕೊಟ್ಟಳು, ಕುಡಿಯಲು ಕೊಟ್ಟಳು. ಕುಡಿದರು. ಮಣೆ ಹಾಕಿದಳು. ಕುಳಿತರು. ಅವರ ಎದುರು ಬಾಗಿಲು ತೆರೆದೇ ಇತ್ತು, ಬಾಗಿಲ ಆಚೆ ಅಂಗಳ ಕಾಣುತ್ತಿತ್ತು.

ನಾನು ಸೈಕಲ್ಲನ್ನು ಡಬಲ್ ಸ್ಟ್ಯಾಂಡಿನ ಮೇಲೆ, ಸರಿಯಾಗಿ ಆ ಬಾಗಿಲ ಎದುರು ನಿಲ್ಲಿಸಿದೆ. ಮೋಟರು ಹಚ್ಚಿದೆ. ಹ್ಯಾಂಡಲಿನ ಹಿಡಿಯನ್ನು ಪೂರ್ತಿ ತಿರುವಿ, ಹಾಗೆಯೇ ನಿಲ್ಲುವಂತೆ ಸುತಳಿಯಿಂದ ಬಿಗಿದೆ. ಹಿಂದಿನ ಗಾಲಿ ಗಾಳಿಯಲ್ಲಿ ಗಿರ್ರನೆ ತಿರುಗತೊಡಗಿತು. ನಾನು ಒಳಗೆ ಬಂದು ಬೀಗರ ಪಕ್ಕದಲ್ಲಿ ಗೋಡೆಗೆ ಆನಿಕೊಂಡು ಕಾಲು ಚಾಚಿದೆ.

ಬೀಗರು ತುತ್ತನ್ನು ಕೈಯಲ್ಲೇ ಹಿಡಿದು ಕೇಳಿದರು, "ಅದ್ಯಾಕ ತಿರಗಾಕತ್ತೈತ್ರಿ?"

"ನಿಮ್ಮ ಕರೆಂಟ್ ಚೆಲ್ಲಾಕತ್ತೇನಿ. ಖಾಲಿ ಆದಮ್ಯಾಲೆ ಅಕ್ಕನ ಮನ್ಯಾಗ ತುಂಬಿಕೊಂಡು ಸವಣೂರಿಗೆ ಹೋಗ್ತೇನಿ."

ಅವರು ಗಾಲಿಯನ್ನೇ ನೋಡುತ್ತ ನಿಧಾನಕ್ಕೆ ಅಗಿದರು. "ಬರೇ ಗಾಳ್ಯಾಗ ತಿರಗಿದ್ರ ಎಲ್ಲಿ ಮುಗದೀತ್ರಿ. ಬೆಳಗ ಹರಿತೈತಿ."

"ಹರೀಲಿ. ನಂಗೇನ ಅವಸರಿಲ್ಲ."

ಅಕ್ಕ ಹೋಳಿಗೆಯ ಬುಟ್ಟಿ ಹಿಡಿದು ಬಂದಳು. ಬೀಗರು ಎರಡೂ ಕೈ ತಾಟಿನ ಮೇಲೆ ಅಡ್ಡ ಹಿಡಿದರು. "ಸಾಕ್ರೀ ಯವ್ವಾ, ಮಧ್ಯಾಹ್ನ ಹೊಲದಾಗ ಕಂಠಮಟ ಉಂಡೇನಿ."

"ಹಾಕ ಅಕ್ಕಾ," ಎಂದೆ ನಾನು. "ಎರಡ ಹಾಕು. ತುಪ್ಪಾನೂ ಹಾಕು."

ಅಕ್ಕ ಅವರ ಕೈಗಳನ್ನು ಸರಿಸಿ ಹಾಕಿದಳು. ಬೀಗರು ನನ್ನನ್ನು ನೋಡಿದರು, ಹೋಳಿಗೆಯನ್ನು ನೋಡಿದರು, ಹೊರಗೆ ತಿರುಗುತ್ತಿದ್ದ ಗಾಲಿಯನ್ನು ನೋಡಿದರು. ಆಮೇಲೆ ತಲೆ ತಗ್ಗಿಸಿ ನಮ್ಮ ಮನೆಯ ಹೋಳಿಗೆ ಮುರಿದರು.